ಯೆಮೆನ್: ಬಾಂಬಿಗೆ ಸಿಗದವರೂ ಸತ್ತದ್ದು ಹೇಗೆ?

ಪ್ರಶ್ನೆ: ನನ್ನ ಸೋದರಮಾವ ಯೆಮೆನ್‌ನ ಸನಾ ನಗರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 2015ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಕಳಿಸಿದ ವಿಮಾನ ಹತ್ತಿ ಊರಿಗೆ ಬಂದರು. ಅಲ್ಲಿ ಬಾಂಬಿಗಿಂತ ಹಸಿವು, ಕಾಯಿಲೆಗೇ ಜನ ಜಾಸ್ತಿ ಸತ್ತರು ಎನ್ನುತ್ತಾರೆ. ಒಂದು ಕಡೆ 3.77 ಲಕ್ಷ ಸಾವು ಅಂತ ಓದಿದೆ, ಇನ್ನೊಂದು ಕಡೆ ಒಂದೂವರೆ ಲಕ್ಷ ಅಂತ. ಯಾವುದು ಸರಿ?
– ಓದುಗರು, ಉಡುಪಿ

ಉತ್ತರ: ನಿಮ್ಮ ಮಾವ ಹೇಳುವುದು ಸರಿ. ನೀವು ಓದಿದ ಎರಡು ಅಂಕಿಗಳ ನಡುವೆಯೂ ಜಗಳ ಇಲ್ಲ. ಚಿಕ್ಕದು ದೊಡ್ಡದರ ಒಳಗೇ ಇದೆ.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2021ರ ನವೆಂಬರ್‌ನಲ್ಲಿ ಒಂದು ವರದಿ ಕೊಟ್ಟಿತು. ಆ ವರ್ಷ ಮುಗಿಯುವಾಗ ಯುದ್ಧದಿಂದ ಸತ್ತವರ ಸಂಖ್ಯೆ 3.77 ಲಕ್ಷ ಮುಟ್ಟುತ್ತದೆ ಎಂದು ಅದರಲ್ಲಿತ್ತು. ಗುಂಡು, ಬಾಂಬು, ನೆಲಬಾಂಬಿಗೆ ನೇರವಾಗಿ ಸತ್ತವರು ಅದರಲ್ಲಿ ಸುಮಾರು ಶೇ 40. ಅದೇ ನಿಮ್ಮ ಒಂದೂವರೆ ಲಕ್ಷ. ಉಳಿದವರು ಊಟ, ನೀರು, ಔಷಧ ಸಿಗದೆ ಸತ್ತವರು. ಒಟ್ಟು ಸತ್ತವರಲ್ಲಿ ಶೇ 70ರ ಹತ್ತಿರ ಐದು ವರ್ಷದೊಳಗಿನ ಮಕ್ಕಳು.

ಇದು ತಲೆ ಎಣಿಸಿದ ಲೆಕ್ಕ ಅಲ್ಲ. ಗುಡ್ಡದ ಹಳ್ಳಿಯಲ್ಲಿ ಒಂದು ಮಗು ಭೇದಿಯಿಂದ ತೀರಿಕೊಂಡರೆ ಯಾರೂ ಅದನ್ನು ‘ಯುದ್ಧದ ಸಾವು’ ಎಂದು ಬರೆದಿಡುವುದಿಲ್ಲ. ಹಾಗಾಗಿ ತಜ್ಞರು ಬೇರೆ ದಾರಿ ಹಿಡಿಯುತ್ತಾರೆ. ಯುದ್ಧ ಆಗದೇ ಇದ್ದಿದ್ದರೆ ಈ ವರ್ಷಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು ಎಂದು ಅಂದಾಜು ಮಾಡುತ್ತಾರೆ. ಯುದ್ಧ ಆದ ಮೇಲಿನ ಅಂದಾಜಿನಿಂದ ಅದನ್ನು ಕಳೆಯುತ್ತಾರೆ. ಅಂದಾಜು ಅಂದಮೇಲೆ ಒಂದಿಷ್ಟು ಹೆಚ್ಚುಕಮ್ಮಿ ಇರುತ್ತದೆ. ಆದರೆ ಸುಮ್ನೆ ಗಾಳಿಯಲ್ಲಿ ಹೇಳಿದ್ದಲ್ಲ.

ಬಾಂಬು ಬೀಳದ ಮನೆಗೂ ಸಾವು ಬಂದ ದಾರಿ ಯಾವುದು? ಅದು ಶುರುವಾಗುವುದು ಕೆಂಪು ಸಮುದ್ರದ ಹೊದೈದಾ ಬಂದರಿನಲ್ಲಿ. ಯೆಮೆನ್ ಬಹುತೇಕ ಒಣ ದೇಶ. ತಿನ್ನುವ ಗೋಧಿಯಲ್ಲಿ ಶೇ 90ರಷ್ಟು ಹೊರಗಿಂದ ಬರಬೇಕು. ಆಮದಿನ ದೊಡ್ಡ ಪಾಲು ಇಳಿಯುತ್ತಿದ್ದುದು ಹೊದೈದಾದಲ್ಲೇ. 2015ರ ಆಗಸ್ಟ್‌ನಲ್ಲಿ, ಹೂತಿ ಬಂಡುಕೋರರ ವಿರುದ್ಧ ಯೆಮೆನ್ ಸರ್ಕಾರದ ಪರ ಯುದ್ಧಕ್ಕಿಳಿದಿದ್ದ ಸೌದಿ ನೇತೃತ್ವದ ಮೈತ್ರಿಕೂಟದ ವಿಮಾನಗಳು ಆ ಬಂದರಿನ ಕ್ರೇನ್‌ಗಳನ್ನೇ ಹೊಡೆದವು. ಬದಲಿಗೆ ವಿಶ್ವ ಆಹಾರ ಕಾರ್ಯಕ್ರಮ ತರಿಸಿದ ನಾಲ್ಕು ಕ್ರೇನ್‌ಗಳನ್ನು 2017ರ ಆರಂಭದಲ್ಲಿ ದಡಕ್ಕೆ ಬಿಡದೆ ವಾಪಸ್ ಕಳಿಸಲಾಯಿತು. ಅವು ಬಂದರು ತಲುಪಿದ್ದು 2018ರ ಜನವರಿಯಲ್ಲಿ! ಅಷ್ಟು ದಿನ ಗೋಧಿ ಹಡಗುಗಳು ಸಮುದ್ರದಲ್ಲೇ ಕಾಯುತ್ತಿದ್ದವು. ಕಾಯುವ ಹಡಗಿಗೆ ಬಾಡಿಗೆ ಏರುತ್ತದೆ, ವಿಮೆ ಏರುತ್ತದೆ. ಎರಡನ್ನೂ ಕೊನೆಗೆ ಕಟ್ಟುವುದು ಹಿಟ್ಟು ಕೊಳ್ಳುವ ಮನೆಯವರು.

ಅಂಗಡಿಯಲ್ಲಿ ಹಿಟ್ಟು ಇರಲಿಲ್ಲ ಎಂದುಕೊಳ್ಳಬೇಡಿ. ಎಷ್ಟೋ ಊರುಗಳಲ್ಲಿ ಇತ್ತು. ಕೊಳ್ಳಲು ಕಾಸಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಯೆಮೆನ್ ಅಧ್ಯಕ್ಷ ಹಾದಿ ಕೇಂದ್ರ ಬ್ಯಾಂಕನ್ನು ಸನಾದಿಂದ ತಮ್ಮ ಸರ್ಕಾರದ ಹಿಡಿತದಲ್ಲಿದ್ದ ಏಡನ್ ನಗರಕ್ಕೆ ಎತ್ತಿಸಿದರು. ಸನಾ ಹಿಡಿದು ಕೂತಿದ್ದ ಹೂತಿಗಳ ಕೈಗೆ ದುಡ್ಡು ಸಿಗಬಾರದು ಅನ್ನುವುದು ಅವರ ಲೆಕ್ಕ. ಆದರೆ ಅದರ ಬೆನ್ನಿಗೇ ಸುಮಾರು 12.5 ಲಕ್ಷ ಸರ್ಕಾರಿ ನೌಕರರ ಸಂಬಳ ನಿಂತುಹೋಯಿತು, ಇಲ್ಲವೇ ಯಾವಾಗಲೋ ಒಮ್ಮೆ ಬರುವಂತಾಯಿತು. ಮೇಷ್ಟ್ರು, ನರ್ಸ್, ಕಸ ಎತ್ತುವವರು ಎಲ್ಲರದ್ದೂ. ಒಂದು ಸಂಬಳ ನಂಬಿ ಎಷ್ಟು ಹೊಟ್ಟೆ ಇರುತ್ತವೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮುಂದಿನದ್ದು ನೀರು. ಯೆಮೆನ್‌ನಲ್ಲಿ ನೀರು ಎತ್ತುವ ಪಂಪುಗಳು ಓಡುತ್ತಿದ್ದುದು ಹೆಚ್ಚಾಗಿ ಡೀಸೆಲ್‌ನಿಂದ. ಡೀಸೆಲ್ ದುಬಾರಿಯಾದಾಗ ಪಂಪ್ ನಿಂತಿತು. ಕರೆಂಟ್ ಹೋಗಿ ಚರಂಡಿ ನೀರು ಶುದ್ಧ ಮಾಡುವ ಘಟಕ ನಿಂತಿತು. ಕಸ ಬೀದಿಯಲ್ಲೇ ಕೊಳೆಯಿತು. 2017ರ ಏಪ್ರಿಲ್ ಹೊತ್ತಿಗೆ ಕಾಲರಾ ಎದ್ದಿತು. ಆ ವರ್ಷ ಮುಗಿಯುವುದರೊಳಗೆ ಕಾಲರಾ ಶಂಕೆ ಇದ್ದವರು 10 ಲಕ್ಷ ದಾಟಿದರು. ಸತ್ತವರು 2,200ಕ್ಕೂ ಹೆಚ್ಚು. ಕಾಲರಾಕ್ಕೆ ಓಆರ್‌ಎಸ್ ಪುಡಿ, ಡ್ರಿಪ್ ಸಾಕು ಎನ್ನುವುದು ನಿಮ್ಮ ಮಾವನಿಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ಕೊಡುವ ಆಸ್ಪತ್ರೆ ತೆರೆದಿರಬೇಕಲ್ಲ? ದೇಶದ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಪೂರ್ತಿ ನಡೆಯುತ್ತಿದ್ದುದು ಅರ್ಧದಷ್ಟು ಮಾತ್ರ. ನಿಮ್ಮ ಮಾವನಂಥ ನರ್ಸ್‌ಗಳು ಊರಿಗೆ ಮರಳಿದ್ದೂ ಅದರಲ್ಲಿ ಒಂದು ಕಾರಣ. ಅವರ ತಪ್ಪಲ್ಲ ಬಿಡಿ, ಪ್ರಾಣ ಎಲ್ಲರಿಗೂ ಒಂದೇ. ಆಗ ನಮ್ಮ ಸರ್ಕಾರ ‘ಆಪರೇಷನ್ ರಾಹತ್’ನಲ್ಲಿ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಅವರ ಜತೆ 41 ದೇಶಗಳ ಸುಮಾರು 960 ಜನರೂ ಬಂದರು. ಹೋಗಲು ಬೇರೆ ಊರು ಇಲ್ಲದ ಯೆಮೆನಿಗಳು ಅಲ್ಲೇ ಉಳಿದರು. ಸನಾ ವಿಮಾನ ನಿಲ್ದಾಣದ ಪ್ರಯಾಣಿಕ ವಿಮಾನಗಳು 2016ರ ಆಗಸ್ಟ್‌ನಿಂದ 2022ರ ಮೇ ತನಕ ನಿಂತಿದ್ದವು. ಕ್ಯಾನ್ಸರ್, ಕಿಡ್ನಿ ರೋಗಿಗಳು ಚಿಕಿತ್ಸೆಗೆ ಹೊರದೇಶಕ್ಕೆ ಹಾರುವ ದಾರಿಯೂ ಅಲ್ಲಿಗೆ ಮುಚ್ಚಿತು.

ಪ್ರಶ್ನೆ: ಇದು ಅಂತರ್ಯುದ್ಧವೋ, ಸೌದಿ–ಇರಾನ್ ಯುದ್ಧವೋ? ತಪ್ಪು ಯಾರದ್ದು?
– ಓದುಗರು, ದಾವಣಗೆರೆ

ಉತ್ತರ: ಶುರುವಾಗಿದ್ದು ಮನೆ ಜಗಳವಾಗಿಯೇ. ಅಲಿ ಅಬ್ದುಲ್ಲಾ ಸಾಲೇಹ್ 1978ರಿಂದ ಗದ್ದುಗೆಯಲ್ಲಿದ್ದವರು. 2011ರ ಜನರ ದಂಗೆಯ ನಂತರ ಇಳಿಯಬೇಕಾಯಿತು. 2012ರಲ್ಲಿ ಅವರ ಉಪಾಧ್ಯಕ್ಷ ಹಾದಿ ಬಂದರು. ಉತ್ತರದ ಸಾದಾ ಪ್ರಾಂತ್ಯದ ಹೂತಿಗಳು ಜೈದಿ ಶಿಯಾ ಪಂಗಡದವರು. ಸಾಲೇಹ್ ಕಾಲದಲ್ಲಿ, 2004ರಿಂದ 2010ರೊಳಗೆ, ಸರ್ಕಾರದ ಜತೆ ಆರು ಸಲ ಕಾದಾಡಿದ್ದರು. 2014ರಲ್ಲಿ ಹಾದಿ ಸರ್ಕಾರ ಪೆಟ್ರೋಲ್, ಡೀಸೆಲ್ ಸಬ್ಸಿಡಿ ಕಡಿತ ಮಾಡಿತು. ಜನರ ಸಿಟ್ಟನ್ನು ಹೂತಿಗಳು ಬಳಸಿಕೊಂಡರು. ಸೆಪ್ಟೆಂಬರ್ 21ಕ್ಕೆ ಸನಾ ಅವರ ಕೈಗೆ ಬಂತು. ತಮಾಷೆ ನೋಡಿ, ಆಗ ಅವರ ಬೆನ್ನಿಗಿದ್ದವರು ಹಳೆಯ ವೈರಿ ಸಾಲೇಹ್. 2017ರ ಡಿಸೆಂಬರ್‌ನಲ್ಲಿ ಆತ ಪಕ್ಷ ಬದಲಿಸಲು ಹೋದಾಗ ಅದೇ ಹೂತಿಗಳು ಕೊಂದರು.

ಹಾದಿ ಏಡನ್‌ಗೆ ಓಡಿದರು, ಅಲ್ಲಿಂದ ಸೌದಿಗೆ. 2015ರ ಮಾರ್ಚ್ 26ಕ್ಕೆ ಸೌದಿ ನೇತೃತ್ವದ ಮೈತ್ರಿಕೂಟ ಬಾಂಬ್ ಹಾಕಲು ಶುರು ಮಾಡಿತು. ಕೆಲವು ವಾರಗಳ ಕೆಲಸ ಅಂದುಕೊಂಡಿದ್ದರು. ಅಮೆರಿಕ, ಬ್ರಿಟನ್ ಶಸ್ತ್ರ ಮಾರಿದವು. ಸೌದಿ ವಿಮಾನಗಳಿಗೆ ಆಕಾಶದಲ್ಲೇ ಇಂಧನ ತುಂಬಿಸುವ ಕೆಲಸವನ್ನು ಅಮೆರಿಕ 2018ರ ನವೆಂಬರ್ ತನಕ ಮಾಡಿತು. ಇರಾನ್ ಹೂತಿಗಳಿಗೆ ಶಸ್ತ್ರ, ತರಬೇತಿ ಕೊಟ್ಟಿತು. ಆದರೆ ಹೂತಿಗಳು ಇರಾನ್ ಎತ್ತಿ ಇಟ್ಟ ಗೊಂಬೆಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಸಿಟ್ಟು ಊರಿನದ್ದೇ, ಇರಾನ್ ಅದಕ್ಕೆ ಕ್ಷಿಪಣಿ ಕೊಟ್ಟಿತು, ಅಷ್ಟೇ.

ತಪ್ಪಿನ ಮಾತಿಗೆ ಬಂದರೆ, 2016ರ ಅಕ್ಟೋಬರ್ 8ರಂದು ಸನಾದಲ್ಲಿ ಸಾವಿನ ಮನೆಗೆ ಸೇರಿದ್ದ ಜನರ ಮೇಲೆ ಮೈತ್ರಿಕೂಟದ ಬಾಂಬು ಬಿತ್ತು. ಸುಮಾರು 140 ಜನ ಸತ್ತರು. 2018ರ ಆಗಸ್ಟ್ 9ರಂದು ಸಾದಾದ ದಹ್ಯಾನ್ ಸಂತೆಯಲ್ಲಿ ಮಕ್ಕಳ ಬಸ್ಸಿನ ಮೇಲೆ ಬಿತ್ತು. 40 ಮಕ್ಕಳು ಹೋದರು. ಬಾಂಬು ಅಮೆರಿಕದ್ದು. ಮೊದಲು ‘ಇದು ಸರಿಯಾದ ಸೈನಿಕ ಕ್ರಮ’ ಎಂದ ಮೈತ್ರಿಕೂಟ, ಮೂರು ವಾರದ ಮೇಲೆ ತಪ್ಪಾಗಿದೆ ಎಂದು ಒಪ್ಪಿತು. ಇತ್ತ ಹೂತಿಗಳು ತಾಯಿಜ್ ನಗರವನ್ನು ವರ್ಷಗಟ್ಟಲೆ ಮುತ್ತಿ ಕೂತರು. ನೆಲಬಾಂಬು ಹುಗಿದರು, ಮಕ್ಕಳ ಕೈಗೆ ಬಂದೂಕು ಕೊಟ್ಟರು. ನೆರವಿನ ಧಾನ್ಯ ಅವರ ಕಡೆ ಸೋರಿಹೋಗುತ್ತದೆಂದು 2019ರಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಸನಾದಲ್ಲಿ ವಿತರಣೆಯ ಒಂದು ಭಾಗ ನಿಲ್ಲಿಸಿತ್ತು. ಇದು ಹಸಿದವರ ತಟ್ಟೆಯ ಮಾತು, ನನಗೆ ಬಾಂಬಿಗಿಂತ ಸಣ್ಣ ಪಾಪ ಅನ್ನಿಸುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಆದರೂ ಅಲ್ಲಿ ‘ಕ್ಷಾಮ’ ಅಂತ ಯಾಕೆ ಘೋಷಿಸಲಿಲ್ಲ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆ ಪದಕ್ಕೆ ಅಳತೆ ಇದೆ. ಐದರಲ್ಲಿ ಒಂದು ಮನೆಗೆ ಊಟವೇ ಇಲ್ಲದಂತಿರಬೇಕು, ಶೇ 30ರಷ್ಟು ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ ಇರಬೇಕು, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರು ಹಸಿವಿಗೆ, ಇಲ್ಲವೇ ಹಸಿವಿನ ಜತೆ ಕಾಯಿಲೆ ಸೇರಿ ಸಾಯುತ್ತಿರಬೇಕು. ಮೂರೂ ಒಂದೇ ಜಾಗದಲ್ಲಿ ತೋರಿಸಬೇಕು. ತೋರಿಸಲು ಮನೆ ಮನೆ ಸಮೀಕ್ಷೆ ಬೇಕು, ಅದಕ್ಕೆ ಬಂದೂಕು ಹಿಡಿದವರು ದಾರಿ ಬಿಡಬೇಕು. ಘೋಷಣೆ ಆಗಿಲ್ಲ ಅಂದರೆ ಹಸಿವು ಇರಲಿಲ್ಲ ಅಂತ ಅರ್ಥ ಅಲ್ಲ.

ಪ್ರಶ್ನೆ: ಇನ್ನೊಂದು ಸಣ್ಣ ಸಂಗತಿ. ಮಾವನ ಟ್ರಂಕಿನಲ್ಲಿ ಯೆಮೆನಿ ರಿಯಾಲ್ ನೋಟುಗಳ ಕಟ್ಟೊಂದು ಹಾಗೇ ಇದೆ. ಯುದ್ಧ ಮುಗಿದಿದ್ದರೆ ಬದಲಿಸಿಕೊಳ್ಳಬಹುದಾ?
– ಮೇಲಿನ ಉಡುಪಿ ಓದುಗರೇ

ಉತ್ತರ: ನಿಮ್ಮ ಮಾವ ಬರುವಾಗ ಒಂದು ಡಾಲರ್‌ಗೆ ಸುಮಾರು 215 ರಿಯಾಲ್. ಈಗ ಒಂದೇ ದೇಶದಲ್ಲಿ ಎರಡು ದರ ಇದೆ. ಏಡನ್ ಬ್ಯಾಂಕು ಹೊಸ ನೋಟು ಅಚ್ಚು ಹಾಕಿಸುತ್ತಲೇ ಹೋಯಿತು. 2019ರ ಡಿಸೆಂಬರ್‌ನಲ್ಲಿ ಹೂತಿಗಳು ಆ ಹೊಸ ನೋಟು ನಡೆಯುವುದಿಲ್ಲ ಎಂದು ಸಾರಿ, ಬದಲಿಸಲು ಒಂದು ತಿಂಗಳು ಕೊಟ್ಟರು. ನಮ್ಮಲ್ಲಿ 2016ರಲ್ಲಿ ಹಳೆಯ ನೋಟು ಹೋಯಿತು, ಅಲ್ಲಿ ಹೊಸದು ಹೋಯಿತು. ಹಾಗಾಗಿ ಸನಾದಲ್ಲಿ ಡಾಲರ್ 550ರ ಆಸುಪಾಸಿನಲ್ಲಿ ನಿಂತಿತು. ಏಡನ್‌ನಲ್ಲಿ 2025ರ ಮಧ್ಯದಲ್ಲಿ 2,500 ದಾಟಿತ್ತು.

ಯುದ್ಧ ಮುಗಿದಿದೆ ಅನ್ನಲಾರೆ. 2022ರ ಏಪ್ರಿಲ್‌ನಲ್ಲಿ ಆದ ಕದನ ವಿರಾಮದ ಅವಧಿ ಅದೇ ಅಕ್ಟೋಬರ್‌ಗೆ ತೀರಿತು. ಆಮೇಲೂ ದೊಡ್ಡ ಕಾದಾಟ ಮತ್ತೆ ಮೊದಲಿನಂತೆ ಹೊತ್ತಿಕೊಳ್ಳಲಿಲ್ಲ. 2023ರ ನವೆಂಬರ್‌ನಿಂದ ಹೂತಿಗಳು ಗಾಜಾ ಯುದ್ಧದ ಹೆಸರಿನಲ್ಲಿ ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಮಾಡಿದರು. ಅಮೆರಿಕ, ಬ್ರಿಟನ್, ಇಸ್ರೇಲ್ ತಿರುಗಿ ಬಾಂಬು ಹಾಕಿದವು. ಮತ್ತೆ ಪೆಟ್ಟು ತಿಂದ ಜಾಗಗಳಲ್ಲಿ ಹೊದೈದಾ ಬಂದರೂ ಒಂದು.

ಮಾವನ ಕಟ್ಟಿನಲ್ಲಿರುವುದು 2015ಕ್ಕೆ ಮೊದಲು ಅಚ್ಚಾದ ನೋಟು. ಅದನ್ನು ಸನಾದವರು ಒಪ್ಪುತ್ತಾರೆ. ಚಲಾಯಿಸಿ ಚಲಾಯಿಸಿ ಅಲ್ಲಿ ಹಳೆಯ ನೋಟುಗಳು ಹರಿದು ಚಿಂದಿಯಾಗಿವೆ, ಅಂಟಿಸಿಕೊಂಡು ಓಡಿಸುತ್ತಾರೆ. ನಿಮ್ಮ ಟ್ರಂಕಿನಲ್ಲಿರುವವು ಮಡಿಕೆ ಬೀಳದ ನೋಟುಗಳಾಗಿದ್ದರೆ, ಸನಾದ ಯಾವ ಅಂಗಡಿಯವನಾದರೂ ಕಣ್ಣರಳಿಸಿ ತೆಗೆದುಕೊಳ್ಳುತ್ತಾನೆ. ಉಡುಪಿಯಲ್ಲಿ ಬದಲಿಸಿ ಕೊಡುವವರು ಸಿಗುವುದು ಮಾತ್ರ ಕಷ್ಟ.