ಶುಗರ್ ಇರುವ ಅಪ್ಪನಿಗೆ ಹಾಗಲ ಜ್ಯೂಸ್, ಕಲ್ಪರಸ ಕೊಡಬಹುದಾ?

ಅಪ್ಪನಿಗೆ ಏಳು ವರ್ಷದಿಂದ ಶುಗರ್, ಈಗ ಯಾರೋ ಹಾಗಲಕಾಯಿ, ನೇರಳೆ ಬೀಜದ ಬಾಟಲಿ ಕೊಟ್ಟು ಮೂರು ತಿಂಗಳಲ್ಲಿ ಮಾತ್ರೆ ಬಿಡಬಹುದು ಅಂದಿದ್ದಾರೆ, ಕಲ್ಪರಸವೂ ಒಳ್ಳೆಯದಂತೆ ಹೌದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಪೆರ್ಲದ ಹತ್ತಿರ ಅಡಿಕೆ ತೋಟ, ಹತ್ತು ವರ್ಷದಿಂದ ನನಗೂ ಶುಗರ್.

ಮಾತ್ರೆ ಮಾತ್ರ ಬಿಡಿಸಬೇಡಿ.

ಕಲ್ಪರಸ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐನದ್ದೇ, ಅಂದರೆ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯದ್ದು. ತೆಂಗಿನ ಹೊಂಬಾಳೆಯ ರಸವನ್ನು ಹುಳಿ ಬರದಂತೆ ತಣ್ಣಗಿಟ್ಟು ಇಳಿಸುತ್ತಾರೆ. ರುಚಿಗೆ ಎರಡು ಮಾತಿಲ್ಲ. ಆದರೆ ಅದರ ಸಿಹಿಯಲ್ಲಿ ಹೆಚ್ಚಿನ ಪಾಲು ನಾವು ಚಹಾಕ್ಕೆ ಹಾಕುವ ಸಕ್ಕರೆಯದ್ದೇ ಜಾತಿ, ಸುಕ್ರೋಸ್. 100 ಎಂಎಲ್‌ನಲ್ಲಿ ಸುಮಾರು 10ರಿಂದ 15 ಗ್ರಾಂ ಇರುತ್ತದೆ, ಅಂದರೆ ಒಂದು ದೊಡ್ಡ ಲೋಟ ಕುಡಿದರೆ ಐದಾರು ಚಮಚ ಸಕ್ಕರೆ ಹೊಟ್ಟೆಗೆ ಹೋದ ಹಾಗೆ. ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಲೆಕ್ಕ, ಕಡಿಮೆ ಅನ್ನುತ್ತಾರೆ, ಇರಲಿ, ಲೋಟದ ಅಳತೆ ಕಡಿಮೆ ಆಗುವುದಿಲ್ಲವಲ್ಲ!

ಹಾಗಲ, ಮೆಂತೆ ಸುಮ್ನೆ ಅಲ್ಲ, ಸ್ವಲ್ಪ ಮಟ್ಟಿಗೆ ಕೆಲಸ ಮಾಡಬಹುದು. ಮೆಂತೆಯ ಲೋಳೆ ನಾರು ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ನೆನೆಸಿದ ನೀರು ಮಾತ್ರ ಕುಡಿದು ಕಾಳು ಎಸೆದರೆ ಆ ನಾರಿನ ಬಹುಪಾಲು ಕಾಳಿನ ಜೊತೆಗೇ ಹೋಯಿತು. ಹಾಗಲ ರಸದ ವಿಷಯದಲ್ಲಿ ನನ್ನದೇ ಪೆದ್ದುತನ ಕೇಳಿ. ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಮೇಲಿಂದ ಒಂದು ಲೋಟ ಹಾಗಲ ರಸ ಕುಡಿದು, ತಿಂಡಿ ಆಮೇಲೆ ನೋಡೋಣ ಅಂತ ತೋಟಕ್ಕೆ ಇಳಿದೆ. ಕೈ ನಡುಕ, ಬೆವರು, ಕಣ್ಣು ಮಂಜು. ಮನೆಯವಳು ಬೆಲ್ಲದ ನೀರು ತಂದು ಕುಡಿಸಿದ ಮೇಲೆ ಕೂತು ಮಾತಾಡುವಷ್ಟಾದೆ. ಆ ಜಾತಿಯ ಮಾತ್ರೆಗಳೇ ಶುಗರ್ ತೀರಾ ಕೆಳಗೆ ಇಳಿಸಿಬಿಡಬಲ್ಲವು, ಅದರ ಮೇಲೆ ಹಾಗಲ, ಖಾಲಿ ಹೊಟ್ಟೆ ಬೇರೆ. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಅಪ್ಪನ ಮಾತ್ರೆ ಯಾವುದು ಅಂತ ಮೊದಲು ನೋಡಿ.

ಬಾಟಲಿಯಲ್ಲಿ ಅಮೃತಬಳ್ಳಿ ಇದೆಯಾ ಅಂತಲೂ ನೋಡಿ. ಅದನ್ನು ಕುಡಿದು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬಯಿಯ ಡಾಕ್ಟರುಗಳು ಬರೆದಿದ್ದರು. ಲೇಬಲ್‌ನ ಫೋಟೋ ನಿಮ್ಮ ಡಾಕ್ಟರಿಗೆ ತೋರಿಸಿ. ಅವರು ಆಗಬಹುದು ಅಂದರೆ, ಒಂದು ದಿನ ಜ್ಯೂಸ್ ಕುಡಿದು, ಇನ್ನೊಂದು ದಿನ ಕುಡಿಯದೆ, ಎರಡೂ ದಿನ ಅದೇ ತಿಂಡಿ ತಿಂದು ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್‌ನಲ್ಲಿ ನೋಡಲಿ. ಹೀಗೆ ನಾಲ್ಕೈದು ಸಲ ಮಾಡಿದರೆ ಮಾರಿದವನ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ.

ಕುಡಿಯಲು ಏನಾದರೂ ಬೇಕೇ ಬೇಕು ಅಂದರೆ ನೀರು ಮಜ್ಜಿಗೆ ಕೊಡಿ, ಇಲ್ಲಾ ಪುನರ್ಪುಳಿ (ಕೋಕಂ) ನೀರು, ಸಕ್ಕರೆ ಹಾಕದೆ. ಮೊದಲು ಮುಖ ಹಿಂಡುತ್ತಾರೆ. ನನಗೆ ರೂಢಿಯಾಗಲು ಎರಡು ವಾರ ಬೇಕಾಯಿತು.