ಹತ್ತು ತುಣುಕು ಬಿಡಿ, ಐದು ಪೆಟ್ಟು ಹಿಡಿಯಿರಿ

ನಮಸ್ಕಾರ.

‘ದಿ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳ ಸಂಗೀತದ ಬಗ್ಗೆ ನೀವು ಕಳಿಸಿದ ‘ನನ್ನ ಹತ್ತು ಮೆಚ್ಚಿನ ತುಣುಕುಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಮೂರನೇ ಪುಟದಲ್ಲಿದೆ. ಆಮೇಲೆ ಹೇಳುತ್ತೇನೆ.

ಮೊದಲು ತಕರಾರು. ‘ಮೈ ಜುಂ ಎಂದಿತು’ ಎಂಬ ಮಾತು ಏಳು ಸಲ ಬಂದಿದೆ. ‘ಅದ್ಭುತ’ ಎಷ್ಟು ಸಲ ಬಂದಿದೆ ಅಂತ ಎಣಿಸಲು ಹೋಗಿ ನಡುವೆಯೇ ಬಿಟ್ಟೆ. ಮೈ ಜುಂ ಎಂದದ್ದು ನಿಮಗೆ. ನನಗೂ ಹಾಗೆ ಆಗಬೇಕಾದರೆ ನಿಮ್ಮ ಕಿವಿಗೆ ಬಿದ್ದದ್ದೇನು ಅಂತ ನನಗೆ ಗೊತ್ತಾಗಬೇಕು, ಅಲ್ವಾ? ಕತೆಯ ಕುಳ್ಳ ಜನರಾದ ಹಾಬಿಟ್‌ಗಳ ಊರು ಶೈರ್‌ನ ರಾಗವನ್ನು ‘ಮಧುರವಾದ ಕೊಳಲು’ ಎಂದು ಬರೆದು ಮುಂದೆ ಹೋಗಿದ್ದೀರಿ. ಅದು ನಮ್ಮ ಕೊಳಲಲ್ಲ. ಐರಿಷ್ ಸಂಗೀತದಲ್ಲಿ ಕೇಳಿಬರುವ ಟಿನ್ ವಿಸಿಲ್. ಪೀಪಿಯ ಹಾಗೆ ತುದಿಯಿಂದ ಊದುವ, ಆರು ತೂತಿನ ಪುಟ್ಟ ಕೊಳವೆ. ನೋಡಿದರೆ ಜಾತ್ರೆಯಲ್ಲಿ ಮಗುವಿಗೆ ಕೊಡಿಸಿದ ಆಟಿಕೆ ಅನ್ನಬೇಕು. ಅಷ್ಟು ದೊಡ್ಡ ಆರ್ಕೆಸ್ಟ್ರಾ ಕೈಯಲ್ಲಿದ್ದರೂ ಸಂಗೀತ ಸಂಯೋಜಕ ಹಾವರ್ಡ್ ಶೋರ್ ಈ ಜನಕ್ಕೆ ಅದನ್ನೇ ಯಾಕೆ ಕೊಟ್ಟರು? ಹೊಲ, ಊಟ, ಹರಟೆ ಇದ್ದರೆ ಬೇರೇನೂ ಬೇಡ ಅನ್ನುವ ಜನ ಅವರು. ನಿಮ್ಮ ಒಂದು ಪುಟದ ಹೊಗಳಿಕೆಗಿಂತ ಈ ಪ್ರಶ್ನೆ ಓದುಗರನ್ನು ಹಿಡಿದು ಕೂರಿಸುತ್ತದೆ.

ರೋಹನ್ ನಾಡಿನ ‘ಪಿಟೀಲು’ ಕೂಡ ಹಾಗೆಯೇ. ಅದು ನಾರ್ವೆಯ ಹಾರ್ಡಾಂಗರ್ ಫಿಡಲ್. ಕಮಾನು ಎಳೆಯುವ ತಂತಿಗಳ ಕೆಳಗೆ ಇನ್ನೊಂದು ಸಾಲು ತಂತಿ ಇರುತ್ತದೆ. ಅವನ್ನು ಯಾರೂ ಮುಟ್ಟುವುದಿಲ್ಲ, ತಾವಾಗಿ ಮಿಡಿಯುತ್ತವೆ. ನಮ್ಮ ಸಿತಾರ್, ಸಾರಂಗಿಯ ತರಫ್ ತಂತಿಗಳ ಹಾಗೆ. ಆ ರಾಗ ಒಂಟಿಯಾಗಿದ್ದರೂ ಹಿಂದೆ ಯಾರೋ ಗುನುಗುತ್ತಿರುವ ಹಾಗೆ ಕೇಳುವುದು ಅದಕ್ಕೇ. ಧಾರವಾಡದ ಕಡೆಯ ಓದುಗರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತಪ್ಪುಗಳು. ಮೂರೂ ಚಿತ್ರಗಳ ಸಂಗೀತಕ್ಕೆ ಆಸ್ಕರ್ ಬಂತು ಎಂದಿದ್ದೀರಿ. ಬಂದದ್ದು 2001ರ ಮೊದಲ ಚಿತ್ರಕ್ಕೆ ಮತ್ತು 2003ರ ಮೂರನೆಯದಕ್ಕೆ. ಮೂರನೆಯದರ ಕೊನೆಯ ಹಾಡಿಗೆ ಇನ್ನೊಂದು ಬಂತು. ಎ.ಆರ್. ರೆಹಮಾನ್ ‘ಈ ಸರಣಿಯಲ್ಲಿ ಕೈಜೋಡಿಸಿದ್ದರು’ ಎಂದೂ ಬರೆದಿದ್ದೀರಿ. ಇಲ್ಲ. ಅವರು ಕೆಲಸ ಮಾಡಿದ್ದು ಇದೇ ಕತೆಯ ರಂಗನಾಟಕಕ್ಕೆ, ಫಿನ್ಲೆಂಡಿನ ವಾರ್ಟಿನಾ ತಂಡದ ಜೊತೆ. ಅದು 2006ರಲ್ಲಿ ಟೊರಾಂಟೊದಲ್ಲಿ ರಂಗಕ್ಕೆ ಬಂತು. ಶೋರ್ ಹುಟ್ಟಿದ ಊರೂ ಟೊರಾಂಟೊ. ನಿಮ್ಮ ಗೊಂದಲ ಅಲ್ಲೇ ಹುಟ್ಟಿರಬೇಕು!

ಪಿಪ್ಪಿನ್ ಎಂಬ ಹಾಬಿಟ್ ಹಾಡುವ ಹಾಡಿನ ಧಾಟಿಯನ್ನೂ ಶೋರ್ ಅವರ ಲೆಕ್ಕಕ್ಕೆ ಬರೆದಿದ್ದೀರಿ. ಅದನ್ನು ಕಟ್ಟಿದ್ದು ಆ ಪಾತ್ರ ಮಾಡಿದ ಬಿಲ್ಲಿ ಬಾಯ್ಡ್ ಅವರೇ. ತಪ್ಪಿಗಿಂತ ನನಗೆ ಬೇಜಾರಾದದ್ದು ಬೇರೆ. ಆ ದೃಶ್ಯದ ಬಗ್ಗೆ ‘ಕಣ್ಣೀರು ತರಿಸುತ್ತದೆ’ ಎಂಬ ಒಂದೇ ಮಾತು ಬರೆದಿದ್ದೀರಿ. ಅಲ್ಲಿ ಮಗ ಸಾಯಲು ಕುದುರೆ ಓಡಿಸುತ್ತಿದ್ದಾನೆ. ಅಪ್ಪ ಕೂತು ಉಣ್ಣುತ್ತಿದ್ದಾನೆ. ಟೊಮೆಟೊ ರಸ ಗಲ್ಲದ ಮೇಲೆ ಇಳಿಯುತ್ತದೆ, ಅಗಿಯುವ ಸದ್ದು ಹಾಡಿನ ನಡುವೆ ಬರುತ್ತದೆ. ಅದನ್ನು ಬರೆಯಿರಿ. ಕಣ್ಣೀರಿನ ವಿಷಯ ಓದುಗರಿಗೆ ಬಿಡಿ.

ಮಾಂತ್ರಿಕ ಗ್ಯಾಂಡಾಲ್ಫ್ ಸೇತುವೆಯಿಂದ ಬೀಳುವ ಜಾಗದಲ್ಲಿ ‘ಸಂಗೀತ ಭೋರ್ಗರೆಯುತ್ತದೆ’ ಎಂದಿದ್ದೀರಿ. ಮತ್ತೆ ಕೇಳಿ. ಭೋರ್ಗರೆತ ಇರುವುದು ಬೀಳುವ ಮುಂಚೆ. ಬಿದ್ದ ಮೇಲೆ ಗದ್ದಲ ಇಳಿದುಹೋಗಿ ಕೊರಳಿನ ಶೋಕ ಮಾತ್ರ ಉಳಿಯುತ್ತದೆ. ನೀವು ನೆನಪಿನಿಂದ ಬರೆದಿರಿ, ಕೇಳುತ್ತಾ ಬರೆಯಲಿಲ್ಲ ಎಂದು ನನಗೆ ಅನ್ನಿಸಿದ್ದು ಇಲ್ಲೇ.

ಜರ್ಮನಿಯ ಒಪೆರಾ ಸಂಯೋಜಕ ವ್ಯಾಗ್ನರ್ ಬಗೆಗಿನ ಪ್ಯಾರಾ ನಿಮ್ಮ ಭಾಷೆಯಲ್ಲಿಲ್ಲ. ತೆಗೆಯಿರಿ.

ಈಗ ಮೂರನೇ ಪುಟಕ್ಕೆ ಬರೋಣ. ಏಳನೇ ತುಣುಕಿನ ಕೆಳಗೆ ಹೀಗೊಂದು ಮಾತಿದೆ: ‘ಸಾರುಮನ್‌ನ ಐಸೆನ್‌ಗಾರ್ಡ್ ಬಂದಾಗಲೆಲ್ಲ ಹಾಸ್ಟೆಲ್ ಮಂಚದ ಕಂಬಿ ಮೇಲೆ ನನ್ನ ಬೆರಳು ತಾನಾಗಿ ಖಂಡ ಚಾಪು ಹಾಕುತ್ತಿತ್ತು. ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನು ನಾನು.’ ಇಷ್ಟು ಬರೆದು ಎಂಟನೇ ತುಣುಕಿಗೆ ಜಿಗಿದಿದ್ದೀರಿ. ಅಯ್ಯೋ ಮಾರಾಯರೇ, ಲೇಖನ ಇದ್ದದ್ದೇ ಅಲ್ಲಿ!

ನಿಮ್ಮ ಬೆರಳು ಹಿಡಿದದ್ದು ಸರಿ. ದುಷ್ಟ ಮಾಂತ್ರಿಕ ಸಾರುಮನ್‌ನ ಕೋಟೆ ಐಸೆನ್‌ಗಾರ್ಡ್, ಅದರ ಸಂಗೀತದ ತಾಳದ ಲೆಕ್ಕ ಐದು. ಕೆಳಗೆ ಲೋಹ ಬಡಿಯುವ ಸದ್ದು, ಮೇಲೆ ಹಿತ್ತಾಳೆ ವಾದ್ಯಗಳು. ಸೈನ್ಯದ ನಡಿಗೆಗೆ ಸಾಮಾನ್ಯವಾಗಿ ಎರಡೋ ನಾಲ್ಕೋ ಇರುತ್ತದೆ, ಯಾಕೆಂದರೆ ಕಾಲು ಎರಡು. ಐದರಲ್ಲಿ ನಡೆದು ನೋಡಿ. ಒಂದು ಸುತ್ತು ಎಡಗಾಲಿನಿಂದ ಶುರುವಾದರೆ ಮುಂದಿನದು ಬಲಗಾಲಿನಿಂದ. ಮರ ಕಡಿದು ಕುಲುಮೆಗೆ ಹಾಕುವ, ಮಣ್ಣಿನಿಂದ ಸೈನಿಕರನ್ನು ಬಗೆದು ತೆಗೆಯುವ ಆ ಜಾಗಕ್ಕೆ ಈ ಲೆಕ್ಕ ಹೇಳಿ ಮಾಡಿಸಿದ ಹಾಗಿದೆ. ಯಂತ್ರ ಓಡುತ್ತಿದೆ, ಆದರೆ ಮನುಷ್ಯರ ಕಾಲಿಗೆ ಹೊಂದುತ್ತಿಲ್ಲ.

ಆದರೆ ಒಂದು ವಿಷಯದಲ್ಲಿ ನಿಮ್ಮನ್ನು ಬಿಡುವುದಿಲ್ಲ. ಐದು ಇದ್ದ ಮಾತ್ರಕ್ಕೆ ಖಂಡ ಚಾಪು ತಾಳ ಆಗುವುದಿಲ್ಲ. ಚಾಪುವಿನಲ್ಲಿ ಎರಡು, ಮೂರು ಎಂಬ ಒಡಕು ಇದೆ. ತಕ, ತಕಿಟ. ಐಸೆನ್‌ಗಾರ್ಡ್ ಸಂಗೀತದಲ್ಲಿ ಒತ್ತು ಎಲ್ಲಿ ಬೀಳುತ್ತದೆ? ನಿಮ್ಮ ಕೈ ಅದರ ಜೊತೆ ಕೂಡುತ್ತದೆಯೋ, ಎಲ್ಲೋ ಒಂದು ಕಡೆ ಎಡವುತ್ತದೆಯೋ? ಎಡವಿದರೆ ಇನ್ನೂ ಒಳ್ಳೆಯದು, ಅದನ್ನೇ ಬರೆಯಿರಿ. ಇದು ಇಂಗ್ಲಿಷಿನಲ್ಲಿ ಬಂದಿರುವ ರಾಶಿ ಲೇಖನಗಳನ್ನು ನೋಡಿ ಬರೆಯುವ ವಿಷಯ ಅಲ್ಲ. ನಿಮ್ಮ ಬೆರಳಿಗೆ ಮಾತ್ರ ಗೊತ್ತಿರುವುದು.

ಮೃದಂಗ ಯಾಕೆ ಬಿಟ್ಟಿರಿ ಎಂದು ಎಲ್ಲೂ ಹೇಳಿಲ್ಲ. ಹೇಳಲೇಬೇಕು ಅಂತೇನೂ ಇಲ್ಲ. ಹೇಳುವುದಾದರೆ ಎರಡು ಸಾಲಿಗಿಂತ ಜಾಸ್ತಿ ಬೇಡ, ಅಳು ಬೇಡವೇ ಬೇಡ.

ಹತ್ತರಲ್ಲಿ ಎಂಟನ್ನು ಕೈಬಿಡಿ. ಐಸೆನ್‌ಗಾರ್ಡ್ ಇರಲಿ. ಅದರ ಎದುರಿಗೆ ಬೇಕಿದ್ದರೆ ಶೈರ್‌ನ ಆ ಪುಟ್ಟ ಕೊಳವೆ ಇರಲಿ. 800 ಪದ ಸಾಕು. ಮೃದಂಗ ಇನ್ನೂ ಊರಲ್ಲಿದ್ದರೆ ಮುಂದಿನ ರಜೆಗೆ ಹೋದಾಗ ಹೊರಗೆ ತೆಗೆಯಿರಿ, ಚಿತ್ರ ಹಾಕಿಕೊಂಡು ಜೊತೆಗೆ ನುಡಿಸಿ, ಆಮೇಲೆ ಬರೆಯಲು ಕೂರಿ. ನನಗೆ ಅವಸರವಿಲ್ಲ. ಕಳಿಸುವಾಗ ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲದ ಪಿಡಿಎಫ್‌ನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಗ್ಯಾಂಡಾಲ್ಫ್ ಯಾರು ಎಂದು ಗುರುತು ಹಿಡಿಯಲು ಹತ್ತು ನಿಮಿಷ ಬೇಕಾಯಿತು.

ಇಂತಿ,
ಸಂಪಾದಕ