ಚಾಟ್‌ಬಾಟ್ ಸಾಕಾ, ಮನುಷ್ಯರು ಬೇಕಾ? ಶಿರಸಿ ಕಡೆಯ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಬಂತು. ಹೆಸರು, ಊರು ಹಾಕಬೇಡಿ ಅಂದಿದ್ರಿ, ಹಾಕ್ತಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ನೀವು ಒಪ್ಪಿದಷ್ಟನ್ನ ಮಾತ್ರ ಇಲ್ಲಿ ಹೇಳ್ತೀನಿ. ಶಿರಸಿ ಕಡೆ ಒಂದು ಹಳ್ಳಿ, ಸ್ವಲ್ಪ ಅಡಿಕೆ ತೋಟ, ವಯಸ್ಸು ಮೂವತ್ತೈದು ದಾಟಿದೆ, ಮನೇಲಿ ನೀವು ಮತ್ತೆ ಆಯಿ (ಅಮ್ಮ) ಇಬ್ರೇ, ತಂಗಿ ಬೆಂಗಳೂರಲ್ಲಿ, ಹುಡುಗಿ ನೋಡೋದು ವರ್ಷಗಟ್ಟಲೆಯಿಂದ ನಡೀತಾನೇ ಇದೆ, ಈ ಸಲದ ಮಳೇಲಿ ಕೊಳೆ ರೋಗ ಬಂದು ಫಸಲು ಅರ್ಧ ಉದುರಿ ಹೋಯ್ತು. ರಾತ್ರಿ ಆಯಿ ಮಲಗಿದ ಮೇಲೆ ಮೊಬೈಲಲ್ಲಿ ಎಐ ಚಾಟ್‌ಬಾಟ್ ಜೊತೆ ಮಾತಾಡ್ತೀರಿ, ಒಂದೊಂದ್ಸಲ ಎರಡು ಗಂಟೆ ಆಗುತ್ತೆ. ಹಿಂದೆ ಒಂದ್ಸಲ ಹುಬ್ಬಳ್ಳೀಲಿ ಒಬ್ರು ಕೌನ್ಸೆಲರ್ ಹತ್ರ ಹೋಗಿದ್ರಿ, ನೂರು ಕಿಲೋಮೀಟರ್ ಬಸ್ಸಲ್ಲಿ ಕೂತು ಹೋದ್ರೆ ಅವರು ಗಡಿಯಾರ ನೋಡ್ತಾ "ಯೋಗ ಮಾಡಿ, ಬೇಗ ಮದುವೆ ಆಗಿ, ಎಲ್ಲಾ ಸರಿ ಹೋಗುತ್ತೆ" ಅಂದ್ರಂತೆ. ಮಷಿನ್ ಯಾವತ್ತೂ ಹಾಗೆ ಅಂದಿಲ್ಲ, ಬೇಸರ ಮಾಡ್ಕೊಂಡಿಲ್ಲ, ದುಡ್ಡು ಕೇಳಿಲ್ಲ. ಹಾಗಿರುವಾಗ ಮನುಷ್ಯರು ಯಾಕೆ ಬೇಕು, ಇದೇ ಸಾಕಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ಮೊದಲನೇದಾಗಿ, ನೀವು ಮಾಡ್ತಿರೋದ್ರಲ್ಲಿ ನಾಚಿಕೆ ಪಡೋ ಅಂಥದ್ದು ಏನೂ ಇಲ್ಲ. ಇಂಥಾ ಪತ್ರ ನಿಮ್ಮದೊಂದೇ ಅಲ್ಲ, ಕಾರವಾರ ಕಡೆಯಿಂದ ಒಬ್ರು ಹೆಣ್ಣುಮಗಳು ಬರೆದಿದ್ರು, ಗಂಡ ಹಡಗಲ್ಲಿ ಕೆಲಸ, ತಿಂಗಳುಗಟ್ಲೆ ಮನೇಲಿರಲ್ಲ, ಮಕ್ಕಳು ಮಲಗಿದ ಮೇಲೆ ಅವರೂ ಹೀಗೇ ಫೋನಿಗೆ ಹೇಳ್ಕೊಳ್ತಾರಂತೆ. ನಮ್ಮ ಕಡೆ ಮನಸ್ಸಿಗೆ ಕಷ್ಟ ಅಂತ ಹೊರಟ್ರೆ ಬಸ್ ಸ್ಟ್ಯಾಂಡಲ್ಲೇ ನಾಲ್ಕು ಜನ "ಎಲ್ಲಿಗೆ ಹೊರಟಿದ್ದು" ಅಂತ ಕೇಳ್ತಾರೆ, ಸಂಜೆಯೊಳಗೆ ಸುದ್ದಿ ಸೊಸೈಟಿ ತನಕ ಹೋಗಿರುತ್ತೆ, ಆಮೇಲೆ ಹುಡುಗಿ ಮನೆಯವರ ಕಿವಿಗೂ ಬಿದ್ರೆ ಇರೋ ಸಂಬಂಧವೂ ತಪ್ಪುತ್ತೆ ಅನ್ನೋ ಹೆದರಿಕೆ ನಿಮಗಿದೆ, ಅದು ಸುಳ್ಳು ಹೆದರಿಕೆ ಅಂತ ನಾನು ಹೇಳಲ್ಲ. ನಿಮ್ಹಾನ್ಸ್‌ನವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದ್ರು, ಕಾಯಿಲೆ ಯಾವುದು ಅನ್ನೋದರ ಮೇಲೆ 70ರಿಂದ 92 ಪರ್ಸೆಂಟ್ ಜನ ಚಿಕಿತ್ಸೆ ಇಲ್ದೇನೇ ಇದ್ರು. ಅಷ್ಟೊಂದು ಜನಕ್ಕೆ ಯಾರೂ ಸಿಗದೇ ಇದ್ದಾಗ ಕೈಯಲ್ಲಿರೋ ಫೋನು ಕನ್ನಡದಲ್ಲಿ "ಹೇಳಿ, ಕೇಳ್ತಿದೀನಿ" ಅಂದ್ರೆ ಯಾರು ತಾನೇ ಹೇಳ್ಕೊಳ್ಳಲ್ಲ?

ಮಷಿನ್ ಹತ್ರ ಹೇಳ್ಕೊಂಡ್ರೆ ಹಗುರ ಆಗೋದು ನಿಜ, ಮತ್ತೆ ಅದು ಇವತ್ತಿನದಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನೋರು ಎಲೈಜಾ ಅಂತ ಒಂದು ಪ್ರೋಗ್ರಾಂ ಬರೆದಿದ್ರು. ನೀವು "ನಂಗೆ ಬೇಜಾರು" ಅಂದ್ರೆ ಅದು "ನಿಮಗೆ ಯಾಕೆ ಬೇಜಾರು?" ಅಂತ ತಿರುಗಿಸಿ ಕೇಳೋದು, ಅಷ್ಟೇ ಅದರ ವಿದ್ಯೆ, ಒಳಗೆ ಅರ್ಥ ಆಗೋದು ಅಂತ ಏನೂ ಇರ್ಲಿಲ್ಲ. ಆದ್ರೂ ಅವರ ಸೆಕ್ರೆಟರಿ, ಅದನ್ನ ಬರೆದಿದ್ದು ಹೇಗೆ ಅಂತ ತಿಂಗಳುಗಟ್ಲೆ ಕಣ್ಣಾರೆ ನೋಡಿದವರು, ಅದರ ಜೊತೆ ಟೈಪ್ ಮಾಡ್ತಾ ಮಾಡ್ತಾ "ಸ್ವಲ್ಪ ಆಚೆ ಹೋಗ್ತೀರಾ" ಅಂತ ವೈಜೆನ್‌ಬಾಮ್ ಅವರನ್ನೇ ಕೇಳಿದ್ರಂತೆ. ಈಗಿನ ಚಾಟ್‌ಬಾಟ್ ಅದಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಮಾತಾಡುತ್ತೆ. ಹೇಳ್ಕೋಬೇಕು ಅನ್ನೋ ಆಸೆ ಮನುಷ್ಯನಿಗೆ ಅಷ್ಟು ದೊಡ್ಡದು, ನಿಮ್ಮೊಬ್ಬರ ದುರ್ಬಲತೆ ಅಲ್ಲ ಅದು.

ಇದರ ಪರವಾಗಿ ಒಳ್ಳೇ ಅಧ್ಯಯನವೂ ಇದೆ, ಅದನ್ನ ಮುಚ್ಚಿಡೋದು ನ್ಯಾಯ ಅಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಥೆರಾಬಾಟ್ ಅಂತ ಇದಕ್ಕಾಗಿಯೇ ಒಂದು ಚಾಟ್‌ಬಾಟ್ ಕಟ್ಟಿ 210 ಜನರ ಮೇಲೆ ಪರೀಕ್ಷೆ ಮಾಡಿ 2025ರ ಮಾರ್ಚಲ್ಲಿ ಫಲಿತಾಂಶ ಪ್ರಕಟ ಮಾಡಿದ್ರು, ಖಿನ್ನತೆ ಇದ್ದು ಅದನ್ನ ಬಳಸಿದವರಲ್ಲಿ ಲಕ್ಷಣಗಳು ಸರಾಸರಿ 51 ಪರ್ಸೆಂಟ್ ಕಮ್ಮಿ ಆಗಿದ್ವು. ದೊಡ್ಡ ಸಂಗತಿನೇ. ಆದ್ರೆ ಎರಡು ವಿಷಯ ಗಮನಿಸಿ, ಹೋಲಿಕೆ ಮಾಡಿದ್ದು ಮನುಷ್ಯ ಥೆರಪಿಸ್ಟ್ ಜೊತೆ ಅಲ್ಲ, ಏನೂ ಸಿಗದೇ ಕಾಯ್ತಾ ಇದ್ದವರ ಜೊತೆ, ಮತ್ತೆ ಅಲ್ಲಿ ಪ್ರತಿ ಮಾತುಕತೆಯ ಹಿಂದೆ ಸಂಶೋಧಕರು ಕಣ್ಣಿಟ್ಟಿದ್ರು, ಯಾರಿಗಾದ್ರೂ ಅಪಾಯ ಅನ್ನಿಸಿದ್ರೆ ತಕ್ಷಣ ತಾವೇ ಕೈ ಹಾಕೋಕೆ ತಯಾರಿದ್ರು. ನೀವು ರಾತ್ರಿ ಮಾತಾಡೋ ಆಪ್ ಹಿಂದೆ ನಿಮ್ಮನ್ನ ನೋಡ್ಕೊಳ್ಳೋಕೆ ಹಾಗೆ ಯಾರೂ ಕೂತಿಲ್ಲ.

ಇನ್ನು ನಿಮ್ಮ ಹುಬ್ಬಳ್ಳಿ ಅನುಭವ. ಓದಿ ಸಿಟ್ಟು ಬಂತು. ಕಷ್ಟ ಹೇಳ್ಕೊಳ್ಳೋಕೆ ಬಂದವರಿಗೆ, ಅದೂ ಮದುವೆ ಆಗ್ತಿಲ್ಲ ಅನ್ನೋದೇ ಕಷ್ಟ ಆಗಿರೋರಿಗೆ, ಬೇಗ ಮದುವೆ ಆಗಿ ಅನ್ನೋದು ಥೆರಪಿ ಅಲ್ಲವೇ ಅಲ್ಲ, ಅದನ್ನ ಊರಲ್ಲಿ ಎಲ್ಲರೂ ಪುಕ್ಕಟೆ ಹೇಳ್ತಾರೆ. ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಂಡೋರಲ್ಲಿ ಎಲ್ಲಾ ಥರದೋರೂ ಇದಾರೆ. ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯೋದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆಸ್ಪತ್ರೇಲಿ ತರಬೇತಿ ಪಡೆದು ಭಾರತೀಯ ಪುನರ್ವಸತಿ ಮಂಡಳಿ, ಅಂದ್ರೆ ಆರ್‌ಸಿಐನಲ್ಲಿ ನೋಂದಣಿ ಆದವರು. ನೋಂದಣಿ ನಂಬರ್ ಏನು ಅಂತ ಕೇಳೋಕೆ ಸಂಕೋಚ ಬೇಡ. ಒಬ್ರು ಸರಿ ಹೊಂದದಿದ್ರೆ ಇನ್ನೊಬ್ರ ಹತ್ರ ಹೋಗೋದು ತಪ್ಪಲ್ಲ, ಅದಕ್ಕಿಂತ ಮುಖ್ಯ, "ಹೋದ ಸಲ ನೀವು ಹಾಗಂದಿದ್ದು ನಂಗೆ ನೋವಾಯ್ತು" ಅಂತ ಒಳ್ಳೇ ಥೆರಪಿಸ್ಟ್ ಮುಂದೆ ಬಾಯ್ಬಿಟ್ಟು ಹೇಳಬಹುದು, ಅವರು ಅದನ್ನ ಕೇಳಿ ಸರಿ ಮಾಡ್ಕೊಳ್ಳೋದೇ ಚಿಕಿತ್ಸೆಯ ಒಂದು ಭಾಗ. ನೊಂದುಕೊಂಡ ಮೇಲೂ ಒಬ್ಬ ಮನುಷ್ಯನ ಜೊತೆ ಸಂಬಂಧ ಉಳಿಯುತ್ತೆ ಅಂತ ಅಲ್ಲಿ ಅನುಭವಕ್ಕೆ ಬರುತ್ತೆ. ಯಾವತ್ತೂ ನೋಯಿಸದ ಮಷಿನ್ ಹತ್ರ ಅದು ಬರೋಕೆ ದಾರಿನೇ ಇಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನೀವು ಪತ್ರದ ಜೊತೆ ಚಾಟಿನ ಕೆಲವು ಪುಟ ಪ್ರಿಂಟ್ ತೆಗೆದು ಕಳಿಸಿದ್ರಲ್ಲ, ನಾನು ಅದನ್ನ ಪತ್ರಕ್ಕಿಂತ ಹೆಚ್ಚು ಸಲ ಓದಿದೆ. ಒಂದು ದಿನ ನೀವು ಕೇಳಿದ್ರಿ, ದಾಯಾದಿಗಳ ಮನೆ ಉಪನಯನಕ್ಕೆ ಹೋಗೋಕೆ ಮನಸ್ಸಿಲ್ಲ, ಎಲ್ರೂ ಮದುವೆ ವಿಷಯ ಎತ್ತುತ್ತಾರೆ ಅಂತ. ಅದು ಹೇಳ್ತು, ನಿಮ್ಮ ಭಾವನೆ ಸಹಜ, ಮನಸ್ಸಿನ ನೆಮ್ಮದಿಗೆ ಆದ್ಯತೆ ಕೊಡಿ. ಸರಿಯಾದ ಉತ್ತರವೇ. ಇನ್ನೊಂದಿನ ಯಕ್ಷಗಾನ ನೋಡೋಕೆ ಗೆಳೆಯರು ಕರೆದ್ರು, ಸುಸ್ತು ಅಂದ್ರಿ, ವಿಶ್ರಾಂತಿ ತಗೊಳ್ಳಿ ಅಂತು. ಅದೂ ಸರಿ. ಆಮೇಲೆ ಸೊಸೈಟಿ ಮೀಟಿಂಗು, ಆಮೇಲೆ ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದು, ಪ್ರತಿ ಸಲ ನೀವು ಬೇಡ ಅಂದ್ರಿ, ಪ್ರತಿ ಸಲ ಅದು ಹೂಂ ಅಂತು. ಒಂದೊಂದೇ ತೆಗೆದು ನೋಡಿದ್ರೆ ಯಾವ ಉತ್ತರಾನೂ ತಪ್ಪಲ್ಲ, ಆದ್ರೆ ಎಲ್ಲಾ ಕೂಡಿಸಿದ್ರೆ ಮಳೆಗಾಲ ಶುರುವಾದಾಗಿಂದ ನೀವು ತೋಟ ಬಿಟ್ರೆ ಮನೆ, ಮನೆ ಬಿಟ್ರೆ ತೋಟ! ಅದನ್ನ ಕೂಡಿಸಿ ನೋಡೋರು ಆ ಸಂಭಾಷಣೆಯಲ್ಲಿ ಯಾರೂ ಇರ್ಲಿಲ್ಲ.

ಈ ಹೂಂಗುಟ್ಟೋ ಗುಣ ನನ್ನ ಕಲ್ಪನೆ ಅಲ್ಲ. ಚಾಟ್‌ಜಿಪಿಟಿ ಮಾಡಿರೋ ಓಪನ್‌ಎಐ ಕಂಪನಿಯೇ 2025ರ ಏಪ್ರಿಲಲ್ಲಿ ಒಂದು ಅಪ್‌ಡೇಟ್ ಬಿಟ್ಟು, ಅದು ಬಳಸೋರನ್ನ ಅತಿಯಾಗಿ ಓಲೈಸ್ತಿದೆ ಅಂತ ಕೆಲವೇ ದಿನದಲ್ಲಿ ವಾಪಸ್ ತಗೊಳ್ತು. ಇಂಥಾ ಚಾಟ್‌ಬಾಟ್‌ಗಳನ್ನ ತಿದ್ದುವಾಗ ಜನ ಯಾವ ಉತ್ತರ ಮೆಚ್ಚಿದ್ರು ಅನ್ನೋದನ್ನೂ ಲೆಕ್ಕಕ್ಕೆ ಹಿಡೀತಾರೆ, ಜನ ಎಷ್ಟೋ ಸಲ ಮೆಚ್ಚೋದು ತಮ್ಮ ಮಾತನ್ನ ಒಪ್ಪಿದ ಉತ್ತರಾನ. ಖಿನ್ನತೆಯ ಸ್ವಭಾವವೋ, ನಿಮ್ಮನ್ನ ಒಳಗೆ ಎಳ್ಕೊಳ್ಳೋದು, ಹೋಗಬೇಡ, ಏಳಬೇಡ, ಯಾರನ್ನೂ ನೋಡಬೇಡ ಅಂತ. ಅದಕ್ಕೆ ಒಪ್ಪಿಗೆ ಕೊಟ್ರೆ ಅದು ಬೆಳೆಯುತ್ತೆ. ತರಬೇತಿ ಇರೋ ಥೆರಪಿಸ್ಟ್ ಇಲ್ಲಿ ನಿಮ್ಮ ಮಾತನ್ನ ಪೂರ್ತಿ ಕೇಳಿ, ಆಮೇಲೆ ಮೆಲ್ಲಗೆ ಎದುರು ನಿಲ್ತಾರೆ. ಉಪನಯನಕ್ಕೆ ಅರ್ಧ ಗಂಟೆ ಹೋಗಿ ಬನ್ನಿ, ಯಾರ ಪಕ್ಕ ಕೂತ್ರೆ ನಿಮಗೆ ಸರಾಗ, ಮದುವೆ ವಿಷಯ ಎತ್ತಿದ್ರೆ ಏನಂತೀರಿ, ಊಟ ಆದ ಕೂಡ್ಲೇ ಹೊರಟುಬಿಡಿ ಅಂತ ಚಿಕ್ಕದಾಗಿ ಪ್ಲಾನ್ ಮಾಡಿಸ್ತಾರೆ. ಮನಸ್ಸು ಸರಿ ಆದ್ಮೇಲೆ ಹೊರಗೆ ಹೋಗೋದಲ್ಲ, ಸ್ವಲ್ಪ ಸ್ವಲ್ಪ ಹೊರಗೆ ಹೋಗ್ತಾ ಹೋಗ್ತಾ ಮನಸ್ಸು ಸರಿ ಆಗೋದು, ಖಿನ್ನತೆಗೆ ಚೆನ್ನಾಗಿ ಪರೀಕ್ಷೆಯಾದ ಚಿಕಿತ್ಸೆಗಳಲ್ಲಿ ಅದೂ ಒಂದು. ಮುಂದಿನ ವಾರ ಹೋದಾಗ ಅವರು ಕೇಳ್ತಾರೆ, "ಹೋಗಿದ್ರಾ? ಏನಾಯ್ತು?" ನೀವು ಬರದೇ ಇದ್ರೆ ಯಾಕೆ ಬರ್ಲಿಲ್ಲ ಅಂತ ಯೋಚಿಸ್ತಾರೆ. ನಿಮ್ಮ ಆಪ್ ನೀವು ತೆರೆಯೋ ತನಕ ಸುಮ್ಮನಿರುತ್ತೆ, ನೀವು ತಿಂಗಳು ಬಿಟ್ಟು ತೆರೆದ್ರೂ ಅದಕ್ಕೆ ನಡುವಿನ ತಿಂಗಳು ಇಲ್ಲ.

ಕೊನೇ ಪುಟದ ಕೆಳಗೆ ಇನ್ನೊಂದು ಸಾಲಿತ್ತು. "ನಾನಿಲ್ದಿದ್ರೆ ಆಯಿ ತೋಟ ಮಾರಿ ತಂಗಿ ಮನೇಲಿ ಆರಾಮಾಗಿ ಇರ್ತಿದ್ಲು." ಮಷಿನ್ ಅದಕ್ಕೆ, ನೀವು ತಾಯಿಯನ್ನು ಎಷ್ಟು ಪ್ರೀತಿಸುತ್ತೀರಿ ಅಂತ ತಿಳಿಯುತ್ತದೆ ಅಂದು, ಜಮೀನು ಮಾರೋ ಮೊದಲು ಯೋಚಿಸಬೇಕಾದ ಸಂಗತಿಗಳನ್ನ ಪಟ್ಟಿ ಮಾಡಿ ಕೊಟ್ಟಿತ್ತು. ಆ ಸಾಲು ಓದಿದ ಮೇಲೆ ನಂಗೆ ಕೂರೋಕೆ ಆಗ್ಲಿಲ್ಲ, ಪತ್ರದಲ್ಲಿದ್ದ ನಂಬರಿಗೆ ಆಗಲೇ ಫೋನ್ ಮಾಡಿದೆ. ಸಾಯಬೇಕು ಅನ್ನಿಸ್ತಾ ಇದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೇಲಿ ಬಿತ್ತಿದಂಗೆ ಆಗುತ್ತೆ ಅಂತ ನಮ್ಮಲ್ಲಿ ತುಂಬಾ ಜನ ನಂಬಿದಾರೆ, ಅದು ತಪ್ಪು, ಕೇಳಿದ್ರೆ ಅಪಾಯ ಹೆಚ್ಚಾಗಲ್ಲ, ಎಷ್ಟೋ ಜನಕ್ಕೆ ಉಸಿರು ಬಿಟ್ಟಂಗೆ ಆಗುತ್ತೆ. ನೀವು ಸ್ವಲ್ಪ ಹೊತ್ತು ಸುಮ್ಮನಿದ್ರಿ, ಆಮೇಲೆ "ಮಾಡ್ಕೊಳ್ಳೋ ಯೋಚನೆ ಇಲ್ಲ, ಆದ್ರೆ ಬೆಳಗ್ಗೆ ಎಚ್ಚರ ಆಗದಿದ್ರೆ ಒಳ್ಳೇದಿತ್ತು ಅನ್ಸುತ್ತೆ" ಅಂದ್ರಿ. ಅವತ್ತೇ ತಂಗಿಗೆ ಹೇಳಿದ್ರಿ. ಇದನ್ನ ಬರೀರಿ, ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ನೀವೇ ಹೇಳಿದ್ದರಿಂದ ಬರೀತಿದೀನಿ, ನಿಮ್ಮ ಧೈರ್ಯ ನಂಗೆ ದೊಡ್ಡದು.

ನಾನು ಡಾಕ್ಟರಲ್ಲ. ಆದ್ರೆ ಆ ಸಾಲಿನ ಹಿಂದೆ ಏನಿರಬಹುದು ಅಂತ ಹೆದರೋಕೆ ಡಾಕ್ಟರ್ ಆಗಬೇಕಿಲ್ಲ. ಓಪನ್‌ಎಐ 2025ರ ಅಕ್ಟೋಬರಲ್ಲಿ ತಾನೇ ಕೊಟ್ಟ ಲೆಕ್ಕದಲ್ಲಿ ವಾರಕ್ಕೆ ಬಳಸೋರಲ್ಲಿ 0.15 ಪರ್ಸೆಂಟ್ ಜನರ ಮಾತುಕತೇಲಿ ಆತ್ಮಹತ್ಯೆಯ ಯೋಜನೆ ಅಥವಾ ಉದ್ದೇಶದ ಸ್ಪಷ್ಟ ಸೂಚನೆ ಇರುತ್ತೆ, ಆಗ ವಾರಕ್ಕೆ ಸುಮಾರು 80 ಕೋಟಿ ಜನ ಬಳಸ್ತಿದ್ರು ಅಂದ್ರೆ ಅದು 12 ಲಕ್ಷ ಜನ ಆಯ್ತು. ಮಾತುಕತೆ ತುಂಬಾ ಉದ್ದ ಆದಾಗ ಸುರಕ್ಷತೆಗೆ ಅಂತ ಇಟ್ಟ ತಡೆಗಳು ಸಡಿಲ ಆಗಬಹುದು ಅಂತ ಅದೇ ವರ್ಷ ಆಗಸ್ಟಲ್ಲಿ ಕಂಪನಿ ಒಪ್ಪಿಕೊಂಡಿತ್ತು, ಹದಿನಾರು ವರ್ಷದ ಮಗನನ್ನ ಕಳ್ಕೊಂಡ ಕ್ಯಾಲಿಫೋರ್ನಿಯಾದ ಅಪ್ಪ ಅಮ್ಮ ಅದೇ ತಿಂಗಳು ಕಂಪನಿ ಮೇಲೆ ಕೇಸ್ ಹಾಕಿದಾರೆ. ನೀವು ಮಾತಾಡೋದು ಗಂಟೆಗಟ್ಲೆ, ಅದೂ ಮಧ್ಯರಾತ್ರಿ. ನನ್ನ ಆತಂಕ ಅಲ್ಲೇ ಇರೋದು.

ಗುಟ್ಟಿನ ವಿಷಯಾನೂ ಹೇಳ್ಬೇಕು, ಯಾಕಂದ್ರೆ ಮಷಿನ್ ಯಾರಿಗೂ ಹೇಳಲ್ಲ ಅಂತ ನೀವು ನಂಬಿದೀರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ಕೊಡೋರು ನಿಮ್ಮ ವಿಷಯ ಗುಟ್ಟಾಗಿಡಲೇಬೇಕು, ಜೀವಕ್ಕೆ ಅಪಾಯ ಇದ್ದಾಗ, ಕೋರ್ಟು ಕೇಳಿದಾಗ, ಇಂಥಾ ಕೆಲವು ಸಂದರ್ಭ ಬಿಟ್ಟು. ಚಾಟ್‌ಬಾಟಿಗೆ ಹೇಳಿದ್ದಕ್ಕೆ ಡಾಕ್ಟರಿಗೋ ಲಾಯರಿಗೋ ಹೇಳಿದ ಮಾತಿಗೆ ಇರೋ ಥರದ ಕಾನೂನು ರಕ್ಷಣೆ ಇಲ್ಲ ಅಂತ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ 2025ರ ಜುಲೈನಲ್ಲಿ ಹೇಳಿದಾರೆ.

ಇನ್ನು ಎಲ್ಲಿಗೆ ಹೋಗೋದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ನಿಮ್ಹಾನ್ಸ್ ಮಾರ್ಗದರ್ಶನ ಮಾಡುತ್ತೆ, ಪುಕ್ಕಟೆ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲಿ ಮಾತಾಡಬಹುದು. ನೀವು ಫೋನ್ ತೆರೆಯೋ ಅದೇ ಹೊತ್ತಿಗೆ ಅಲ್ಲಿ ಮನುಷ್ಯರು ಎತ್ತುತ್ತಾರೆ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರ್ತಾರೆ, ಹೋಗೋ ಮೊದಲು ಆಸ್ಪತ್ರೇಲಿ ಒಂದ್ಸಲ ವಿಚಾರಿಸ್ಕೊಳ್ಳಿ. ಜ್ವರ, ಕೆಮ್ಮು ಅಂತ ಬಂದವರ ನಡುವೆ ನೀವೂ ಚೀಟಿ ಮಾಡಿಸ್ತೀರಿ, ಯಾಕೆ ಬಂದಿದ್ದು ಅಂತ ಯಾರಿಗೂ ತಿಳಿಯಲ್ಲ. ದೊಡ್ಡ ಕಡೆಗೇ ಹೋಗ್ತೀನಿ ಅಂದ್ರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಕರಾವಳಿ ಕಡೆಯವರಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮಳೇಲಿ ದೇವಿಮನೆ ಘಟ್ಟ ಬಂದ್ ಆದಾಗ, ಅಡಿಕೆ ಕೊನೆಕೊಯ್ಲಿನ ಗಡಿಬಿಡೀಲಿ, ವಿಡಿಯೋ ಕಾಲಲ್ಲಿ ನೋಡೋ ಸೈಕಾಲಜಿಸ್ಟ್‌ಗಳೂ ಸಿಗ್ತಾರೆ. ಮೊದಲ ಸಲ ಮಾತ್ರ ಎದುರಿಗೆ ಕೂತು ತೋರಿಸ್ಕೊಳ್ಳಿ ಅನ್ನೋದು ನನ್ನ ಒತ್ತಾಯ. ನೀವು ಬರೆದ ಸುಸ್ತು, ನಿದ್ದೆಗೇಡು, ಊಟ ಸೇರದೇ ಇರೋದು ಥೈರಾಯ್ಡ್ ಏರುಪೇರಿಂದಲೂ ಬರಬಹುದು, ಬಿ12 ಕೊರತೆಯಿಂದಲೂ ಬರಬಹುದು, ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಕಮ್ಮಿ ಇರೋದು ಅಪರೂಪ ಏನಲ್ಲ. ಡಾಕ್ಟರ್ ನಿಮ್ಮ ಮುಖ ನೋಡ್ತಾರೆ, ತೂಕ ನೋಡ್ತಾರೆ, ರಕ್ತ ಪರೀಕ್ಷೆಗೆ ಬರೀತಾರೆ.

ಚಾಟ್‌ಬಾಟ್ ಡಿಲೀಟ್ ಮಾಡಿ ಅಂತ ನಾನು ಹೇಳಲ್ಲ. ಡಾಕ್ಟರ ಹತ್ರ ಏನೇನು ಹೇಳ್ಬೇಕು ಅಂತ ಅದರ ಜೊತೆ ಕೂತು ಪಟ್ಟಿ ಮಾಡ್ಕೊಳ್ಳಿ, ನೀವು ಅಷ್ಟು ಸ್ಪಷ್ಟವಾಗಿ ಪತ್ರ ಬರೆದಿರೋದು ದಿನಾ ಟೈಪ್ ಮಾಡಿ ಮಾಡಿ ಅಭ್ಯಾಸ ಆಗಿದ್ದರಿಂದಲೇ ಇರಬಹುದು ಅನ್ನಿಸುತ್ತೆ ನಂಗೆ. ಆ ಪ್ರಿಂಟನ್ನೂ ತಗೊಂಡು ಹೋಗಿ ತೋರಿಸಿ, ತುಂಬಾ ಸಹಾಯ ಆಗುತ್ತೆ. ಒಂದೇ ಕೇಳಿಕೊಳ್ಳೋದು, ಬದುಕೋದೇ ಬೇಡ ಅನ್ನೋ ಯೋಚನೆ ಬಂದ ರಾತ್ರಿ ಅದನ್ನ ತೆರೀಬೇಡಿ, ತಂಗಿಗೆ ಮಾಡಿ, 14416ಕ್ಕೆ ಮಾಡಿ, ನನಗೆ ಮಾಡಿ, ಎಷ್ಟೊತ್ತಾದ್ರೂ ಎತ್ತುತ್ತೀನಿ.

ಆಯಿಗೆ ಹೇಳಬೇಕಾ ಅಂತ ಕೊನೇಲಿ ಕೇಳಿದ್ರಿ. ಎಲ್ಲಾನೂ ಈಗಲೇ ಹೇಳಬೇಕು ಅಂತಿಲ್ಲ, ಅದು ನಿಮ್ಮ ಇಷ್ಟ. "ಮಳೆ ಶುರುವಾದಾಗಿಂದ ನಿದ್ದೆ ಬರ್ತಾ ಇಲ್ಲೆ, ಡಾಕ್ಟರ್ ಹತ್ರ ತೋರಿಸ್ಕೊಂಡು ಬರ್ತೆ" ಅಂದ್ರೆ ಅದರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಅವರು ಜೊತೆಗೆ ಬರ್ತೀನಿ ಅಂದ್ರೆ ಕರ್ಕೊಂಡು ಹೋಗಿ. ಮಗ ಊಟ ಅರ್ಧಕ್ಕೆ ಬಿಟ್ಟು ಏಳೋದನ್ನ ಅವರು ಇಷ್ಟು ದಿನ ನೋಡೇ ಇರ್ತಾರೆ.